ತಾರೀಖಿಲ್ಲದ ಚುಚ್ಚುಮದ್ದು

ಇನ್ನು ಐದು ವಾರಕ್ಕೆ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ವಿದೇಶಕ್ಕೆ ಹೊರಡುತ್ತೇನೆ, ಯಾವ ಯಾವ ಲಸಿಕೆ ಬೇಕು, ಹಳದಿ ಕಾರ್ಡ್ (ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ) ಕಡ್ಡಾಯವೇ, ರಜೆಗೆ ಊರಿಗೆ ಬರುವಾಗಲೂ ಇದೆಲ್ಲ ಬೇಕೇ ಎಂದು ಕೇಳಿದ್ದೀರಿ. ಹೋಗುವ ದೇಶದ ಹೆಸರನ್ನು ಮಾತ್ರ ಬರೆದಿಲ್ಲ! ಹಾಗಾಗಿ ಮೊದಲ ಪ್ರಶ್ನೆಗೆ ಚುಟುಕು ಉತ್ತರ: ಪ್ರಯಾಣಿಕರಿಗೆ ಲಸಿಕೆ ಹಾಕುವ ವೈದ್ಯರನ್ನು ಈ ವಾರವೇ ಕಾಣಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಹಿಡಿಯುತ್ತದೆ. ಶುರು ಮಾಡಿ ಹೊರಟರೆ ಉಳಿದದ್ದನ್ನು ಅಲ್ಲಿ ಪೂರೈಸಬಹುದು. ನಡುವೆ ತಡವಾಯಿತೆಂದು ಮೊದಲಿನಿಂದ ಹಾಕಿಸಿಕೊಳ್ಳಬೇಕಾಗಿಲ್ಲ. ಧನುರ್ವಾಯುವಿನ ಲಸಿಕೆಯನ್ನು ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕೆಂಬುದನ್ನು ದೊಡ್ಡವರು ಮರೆತೇ ಇರುತ್ತಾರೆ. ಅದನ್ನೂ ವಿಚಾರಿಸಿ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ನೀವು ಕೇಳದೇ ಬಿಟ್ಟ ವಿಷಯ, ದಾಖಲೆ. ನಾನು ವಿದೇಶಕ್ಕೆ ಬಂದ ಹೊಸದರಲ್ಲಿ ಆರೋಗ್ಯ ತಪಾಸಣೆಯ ವೇಳೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್ ಲಸಿಕೆ ಯಾವಾಗ ಆಯಿತೆಂದು ಕೇಳಿದರು. ನನ್ನ ಬಳಿ ಬಾಲ್ಯದ ಲಸಿಕೆ ಚೀಟಿಯೊಂದಿತ್ತು. ವೈದ್ಯರು ಪ್ರತಿ ಸಾಲಿನ ಎದುರು ಸರಿ ಗುರುತು ಹಾಕಿ ಕೆಳಗೆ ಸಹಿ ಮಾಡಿದ್ದರು, ತಾರೀಖು ಒಂದೂ ಇರಲಿಲ್ಲ. ನರ್ಸ್ ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ, ಇದ್ದ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟರು. ಅವರ ಲೆಕ್ಕದಲ್ಲಿ ನನಗೆ ಯಾವ ಲಸಿಕೆಯೂ ಆಗಿರಲಿಲ್ಲ. ಅಮ್ಮ ನನ್ನನ್ನು ಸೊಂಟದ ಮೇಲೆ ಹೊತ್ತು, ಸರದಿಯಲ್ಲಿ ನಿಂತು ಹಾಕಿಸಿದ್ದೆಲ್ಲ ನಡೆದೇ ಇಲ್ಲವೆಂಬಂತಾಯಿತು. ಆ ವೈದ್ಯರು ಅಷ್ಟರಲ್ಲಿ ತೀರಿಕೊಂಡಿದ್ದರು, ಅವರ ರಿಜಿಸ್ಟರು ಎಲ್ಲಿ ಹೋಯಿತೋ ಮನೆಯವರಿಗೂ ತಿಳಿದಿರಲಿಲ್ಲ. ಎಲ್ಲವನ್ನೂ ಮತ್ತೆ ಹಾಕಿಸಿಕೊಂಡೆ. ಎಂಎಂಆರ್ ಇನ್ನೊಮ್ಮೆ ಹಾಕಿಸಿಕೊಂಡರೆ ಅಪಾಯವೇನಿಲ್ಲ, ರಕ್ತ ಪರೀಕ್ಷೆಯಿಂದ ಪ್ರತಿಕಾಯಗಳಿವೆಯೆಂದು ತೋರಿಸುವುದನ್ನೂ ಹಲವೆಡೆ ಒಪ್ಪುತ್ತಾರೆ. ಆದರೂ ಅಮ್ಮನ ಆ ಓಡಾಟ ಲೆಕ್ಕಕ್ಕೆ ಬರಲಿಲ್ಲವಲ್ಲ ಎಂಬುದು ಇಂದಿಗೂ ಕುಟುಕುತ್ತದೆ.

ಅದರ ಮೇಲೆ ಕ್ಷಯದ ಚರ್ಮ ಪರೀಕ್ಷೆ. ಮುಂಗೈಯ ಒಳಬದಿಯಲ್ಲಿ ಎದ್ದ ಗಟ್ಟಿ ಉಬ್ಬಿಗೆ ಅಳತೆಪಟ್ಟಿ ಇಟ್ಟು ಮಿಲಿಮೀಟರ್ ಎಣಿಸಿದರು, ಎದೆಯ ಎಕ್ಸ್‌-ರೇಗೆ ಕಳುಹಿಸಿದರು. ಏನೂ ಇರಲಿಲ್ಲ. ಕ್ಷಯದ ಬಿಸಿಜಿ ಲಸಿಕೆ ಹಾಕಿಸಿಕೊಂಡವರಲ್ಲಿ ಈ ಪರೀಕ್ಷೆ ಹೀಗೆ ಸುಳ್ಳು ಹೇಳುವುದುಂಟು. ಇಗ್ರಾ ಎಂಬ ರಕ್ತ ಪರೀಕ್ಷೆಗೆ ಬಿಸಿಜಿ ಅಡ್ಡಬರುವುದಿಲ್ಲ, ಆಯ್ಕೆ ಕೊಟ್ಟರೆ ಅದನ್ನೇ ಕೇಳಿ.

ಆದ್ದರಿಂದ ಮಗಳ ವೈದ್ಯರ ಎದುರು ಕುಳಿತು, ಸಂಕೋಚಪಡದೆ ಪ್ರತಿ ಡೋಸಿಗೂ ಲಸಿಕೆಯ ಹೆಸರು, ದಿನ, ತಿಂಗಳು, ವರ್ಷ ಬರೆಸಿ ಮೊಹರು ಹಾಕಿಸಿಕೊಳ್ಳಿ. ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ. "ಅಷ್ಟೆಲ್ಲ ಯಾರು ನೋಡುತ್ತಾರೆ" ಎಂದಾರು. ನೋಡುತ್ತಾರೆ. ಮಗುವನ್ನು ಶಾಲೆಗೆ ಸೇರಿಸುವಾಗಲೂ ಕೇಳಬಹುದು.

ಹಳದಿ ಕಾರ್ಡ್ ಎಲ್ಲರಿಗೂ ಕಡ್ಡಾಯವಲ್ಲ. ಆದರೆ ಹೋಗುವ ದೇಶವೊಂದನ್ನೇ ನೋಡಿ ನಿರ್ಧರಿಸಬೇಡಿ. ಹಳದಿ ಜ್ವರವಿಲ್ಲದಿದ್ದರೂ ಅದನ್ನು ಹರಡಬಲ್ಲ ಸೊಳ್ಳೆಯಿರುವ ದೇಶಗಳು, ಆ ಜ್ವರದ ಸೀಮೆಯಿಂದ ಬರುವವರನ್ನು ತಡೆದು ಕಾರ್ಡ್ ಕೇಳುತ್ತವೆ. ಅಂಥ ಸೀಮೆಯ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದು ಬಂದವರನ್ನೂ ಹಲವು ದೇಶಗಳು ಬಿಡುವುದಿಲ್ಲ. ಪ್ರಮಾಣಪತ್ರ ಚಾಲ್ತಿಗೆ ಬರುವುದು ಮೊದಲ ಸಲ ಲಸಿಕೆ ಹಾಕಿಸಿದ 10 ದಿನಗಳ ನಂತರ. 2016ರ ಜುಲೈ 11ರಿಂದ ಅದು ಜೀವನಪರ್ಯಂತ ಸಲ್ಲುತ್ತದೆ, ಹಳೆಯ ಹತ್ತು ವರ್ಷದ ಗಡುವು ಈಗಿಲ್ಲ. ಹಳದಿ ಜ್ವರದ್ದು ಜೀವಂತ ಲಸಿಕೆ, ಅಂದರೆ ಬಲಗುಂದಿಸಿದ ಜೀವಂತ ವೈರಾಣುವಿನಿಂದ ಮಾಡಿದ್ದು, ಎಂಎಂಆರ್ ಕೂಡ ಹಾಗೆಯೇ. ಮಗಳಿಗೆ ಎರಡೂ ಬೇಕಾದರೆ ನಡುವಿನ ಅಂತರವನ್ನು ವೈದ್ಯರಿಂದಲೇ ಲೆಕ್ಕ ಹಾಕಿಸಿ, ನಾಲ್ಕು ವಾರ ಬೇಕಾದೀತು. ಟಿಕೆಟ್ ತೆಗೆಯುವ ಮೊದಲೇ ಈ ಲೆಕ್ಕ ಮುಗಿದಿದ್ದರೆ ಚೆನ್ನಾಗಿತ್ತು.

ರಜೆಗೆ ಊರಿಗೆ ಬರುವಾಗ ಖಂಡಿತ ಬೇಕು. "ನಮ್ಮೂರಿಗೆ ಬರಲು ಚುಚ್ಚುಮದ್ದೇ, ನಾವೆಲ್ಲ ಹಾಗೆಯೇ ಬೆಳೆಯಲಿಲ್ಲವೇ" ಎಂದು ನೆಂಟರು ನಗುತ್ತಾರೆ, ನಕ್ಕರೆ ನಗಲಿ. ಟೈಫಾಯ್ಡ್ ಹೊತ್ತು ಹಿಂತಿರುಗುವವರಲ್ಲಿ ಹೋಟೆಲಿನಲ್ಲಿ ಉಳಿಯುವ ಪ್ರವಾಸಿಗರಿಗಿಂತ ನಮ್ಮಂಥವರೇ ಹೆಚ್ಚು. ತಿಂಗಳುಗಟ್ಟಲೆ ಉಳಿಯುತ್ತೇವೆ, ಮನೆಯವರಂತೆಯೇ ಉಣ್ಣುತ್ತೇವೆ, ಹೊರಡುವ ಮೊದಲು ವೈದ್ಯರ ಬಳಿ ಸುಳಿಯುವುದಿಲ್ಲ. ಟೈಫಾಯ್ಡಿನ ಹಳೆಯ ಬಗೆಯ ಚುಚ್ಚುಮದ್ದಿನ ರಕ್ಷಣೆ ಎರಡು ಮೂರು ವರ್ಷದ್ದು, ಕಾಂಜುಗೇಟ್ ಎಂಬ ಹೊಸ ಬಗೆಯದು ಹೆಚ್ಚು ಕಾಲ ಬಾಳುತ್ತದೆ. ಮಲೇರಿಯಾ ಇರುವ ಕಡೆ ಬೆಳೆದವರಿಗೆ ಒಂದಿಷ್ಟು ತಡೆಶಕ್ತಿ ಇರುವುದೇನೋ ನಿಜ, ಆದರೆ ಹೊರಗೆ ಹೋಗಿ ನೆಲೆಸಿದ ಮೇಲೆ ಅದು ಕರಗುತ್ತದೆ.

ಮಗಳಿಗೆ ರೇಬಿಸ್ ಲಸಿಕೆಯ ಬಗ್ಗೆಯೂ ಕೇಳಿ. ಆ ವಯಸ್ಸಿನ ಮಕ್ಕಳು ಕಂಡ ನಾಯಿಯನ್ನೆಲ್ಲ ಮುಟ್ಟುತ್ತವೆ, ಪರಚಿದರೆ ಹೇಳುವುದಿಲ್ಲ. ಮುಂಚೆಯೇ ಹಾಕಿಸಿದ್ದರೆ ಕಚ್ಚಿದಾಗ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಹುಡುಕಿ ಊರೂರು ಅಲೆಯುವ ಪಾಡು ತಪ್ಪುತ್ತದೆ. ಆದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆಯುವುದು, ತಡಮಾಡದೆ ಮತ್ತೆ ಲಸಿಕೆ ಹಾಕಿಸುವುದು ಆಗಲೂ ತಪ್ಪುವುದಿಲ್ಲ.