ಕಾಲೇಜಿಗೆ ಸುರಿದ ದುಡ್ಡು ವಾಪಸ್ ಬರುತ್ತಾ?

ಫಲಿತಾಂಶ ಬಂದ ವಾರದಿಂದ ನನಗೆ ಬರುವ ಪತ್ರಗಳಲ್ಲೆಲ್ಲ ಒಂದೇ ಪ್ರಶ್ನೆ. ಕಾಲೇಜು ಓದಿಗೆ ಇಷ್ಟು ದುಡ್ಡು ಹಾಕುವುದು ಸರಿಯೇ? ಕಳೆದ ವರ್ಷ ಉತ್ತರ ಕೊಟ್ಟಿದ್ದೆ, ಅದರ ಹಿಂದಿನ ವರ್ಷವೂ ಕೊಟ್ಟಿದ್ದೆ. ಈ ಸಲ ಒಂದು ಪತ್ರ ಹಿಡಿದು ಪೂರ್ತಿ ಲೆಕ್ಕ ಬಿಡಿಸುತ್ತೇನೆ. ಉಳಿದವಕ್ಕೆ ಚಿಕ್ಕ ಉತ್ತರ. ಕಾಲೇಜಿಗೆ ಮಾನ್ಯತೆ ಇದೆಯೇ, ಅರ್ಜಿ ತುಂಬುವುದು ಹೇಗೆ ಎಂಬ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ. ಮಾನ್ಯತೆಯನ್ನೂ ನೋಡದೆ ಸಾಲಕ್ಕೆ ಹೊರಡುವವರಿಗೆ ನಾನು ಏನು ಹೇಳಿಯೂ ಪ್ರಯೋಜನವಿಲ್ಲ.

ಪ್ರಶ್ನೆ: ಮಗಳಿಗೆ ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷದ ಕೋರ್ಸಿಗೆ ಸೀಟು ಸಿಕ್ಕಿದೆ. ಶುಲ್ಕವನ್ನು ಪೂರ್ತಿ ಸಾಲದಿಂದಲೇ ಕಟ್ಟಬೇಕು. ಅದಕ್ಕೆ ಮನೆ ಅಡ ಇಡಬೇಕು. ‘ಡಿಗ್ರಿಗೆ ಈಗ ಬೆಲೆಯೇ ಇಲ್ಲ’ ಅಂತಾರೆ ನಮ್ಮಣ್ಣ. ‘ಓದಿಗೆ ಮಾಡಿದ ಸಾಲ ಸಾಲವೇ ಅಲ್ಲ’ ಅಂತಾರೆ ಸ್ನೇಹಿತರು. ಮನೆ ಅಡ ಇಡುವುದು ಸರಿಯೇ? ಯಾರ ಮಾತು ಕೇಳಲಿ ಮೇಡಂ?

ಉತ್ತರ: ಇಬ್ಬರ ಮಾತೂ ಬೇಡ.

ನಿಮ್ಮ ಪತ್ರವನ್ನು ಮತ್ತೆ ಓದಿದೆ. ಕೋರ್ಸ್ ಯಾವುದು ಅಂತ ಬರೆದಿಲ್ಲ. ಆ ವಿಷಯ ಮಗಳಿಗೆ ಇಷ್ಟವೇ ಅಂತಲೂ ಇಲ್ಲ. ಮನೆ ಅಡ ಇಡುವ ಮಾತು ಮಾತ್ರ ಎರಡು ಸಲ ಬಂದಿದೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಕೋರ್ಸ್ ಗೊತ್ತಿಲ್ಲದೆ ‘ಕಾಲೇಜು ಬೇಕೇ ಬೇಡವೇ’ ಎಂದು ಕೇಳಿದರೆ, ರೋಗ ಹೇಳದೆ ಔಷಧಿ ಕೇಳಿದ ಹಾಗೆ.

ಮೊದಲು ನಿಮ್ಮ ಅಣ್ಣನ ಮಾತು. ಡಿಗ್ರಿಗೆ ಬೆಲೆ ಇಲ್ಲ ಅನ್ನುವುದು ಸುಳ್ಳು. ಸಾಕರೋಪೌಲಸ್ ಮತ್ತು ಪ್ಯಾಟ್ರಿನೋಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಹಲವು ದೇಶಗಳ ದಶಕಗಟ್ಟಲೆಯ ಲೆಕ್ಕ ಒಟ್ಟು ಮಾಡಿ 2018ರಲ್ಲಿ ಪ್ರಕಟಿಸಿದರು. ಒಂದು ವರ್ಷ ಹೆಚ್ಚು ಓದಿದರೆ ಗಳಿಕೆ ಸರಾಸರಿ ಶೇ 9ರಷ್ಟು ಜಾಸ್ತಿಯಾಗುತ್ತದೆ ಎಂದು ಅದರಲ್ಲಿ ಕಂಡಿತು. ಈ ಶೇ 9 ಅನ್ನು ಬ್ಯಾಂಕಿನ ಬಡ್ಡಿ ದರದ ಪಕ್ಕ ಇಟ್ಟು ನೋಡಬೇಡಿ, ಎರಡೂ ಬೇರೆ ಬೇರೆ ಲೆಕ್ಕ. ಮತ್ತೆ, ಅದು ಸರಾಸರಿ. ನಿಮ್ಮ ಮಗಳು ಸರಾಸರಿ ಅಲ್ಲ, ಒಬ್ಬ ಹುಡುಗಿ.

ಓದಿದವರಿಗೆ ಸಂಬಳ ಜಾಸ್ತಿ ಯಾಕೆ ಸಿಗುತ್ತದೆ? ಇದಕ್ಕೆ ಎರಡು ಉತ್ತರಗಳಿವೆ. ಓದು ಕೆಲಸ ಮಾಡುವ ಶಕ್ತಿ ಹೆಚ್ಚಿಸುತ್ತದೆ ಎಂದರು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್. ಅವರಿಗೆ 1992ರಲ್ಲಿ ನೊಬೆಲ್ ಬಂತು. ಓದು ಏನನ್ನೂ ಕಲಿಸದಿದ್ದರೂ ಡಿಗ್ರಿ ಒಂದು ಗುರುತಾಗಿ ಕೆಲಸ ಮಾಡಬಹುದು ಎಂದು 1973ರಲ್ಲಿ ಬರೆದರು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್. ಕಷ್ಟದ್ದೊಂದನ್ನು ಹಿಡಿದು ಮುಗಿಸಬಲ್ಲ ಮನುಷ್ಯ ಎಂದು ಕೆಲಸ ಕೊಡುವವರಿಗೆ ಅದು ತಿಳಿಸುತ್ತದೆ. ಅವರಿಗೂ 2001ರಲ್ಲಿ ನೊಬೆಲ್ ಬಂತು. ಯಾರು ಹೆಚ್ಚು ಸರಿ ಎಂಬ ವಾದ ಇನ್ನೂ ನಿಂತಿಲ್ಲ. ನಿಮಗೆ ಆ ವಾದ ಬೇಕಾಗಿಲ್ಲ. ಆದರೆ ಸ್ಪೆನ್ಸ್ ಹೇಳಿದ್ದರಲ್ಲಿ ಅರ್ಧ ಸರಿಯಿದ್ದರೂ ಒಂದು ಮಾತು ನಿಮಗೆ ತಾಗುತ್ತದೆ. ಮೂರೂವರೆ ವರ್ಷ ಓದಿ ಬಿಟ್ಟವಳಿಗೆ ಮೂರೂವರೆ ವರ್ಷದ ಬೆಲೆ ಸಿಗುವುದಿಲ್ಲ. ಗುರುತು ಇರುವುದು ಮುಗಿಸುವುದರಲ್ಲಿ. ಆದ್ದರಿಂದ ಮಗಳನ್ನು ಕೂರಿಸಿಕೊಂಡು ಮೊದಲು ಕೇಳಬೇಕಾದ್ದು, ‘ನಿನಗೆ ಈ ವಿಷಯ ನಾಲ್ಕು ವರ್ಷ ಓದಲು ಮನಸ್ಸಿದೆಯಾ?’ ಎಂದು. ನೀವು ಕೇಳಿಲ್ಲ ಎಂದೇ ನನಗನ್ನಿಸುತ್ತದೆ.

ಇನ್ನು ನಿಮ್ಮ ಸ್ನೇಹಿತರ ಮಾತು. ಓದಿಗೆ ಮಾಡಿದ ಸಾಲ ಸಾಲವೇ ಅಲ್ಲವಂತೆ! ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಾಲ ವಿಭಾಗದಲ್ಲಿ ಕೂತು ವಸೂಲಿ ಕಡತಗಳನ್ನು ವರ್ಷಗಟ್ಟಲೆ ನೋಡಿದವಳು ನಾನು. ಬಡ್ಡಿ ಲೆಕ್ಕ ಹಾಕುವಾಗ ಯಾವ ಬ್ಯಾಂಕೂ ‘ಇದು ಓದಿನ ಸಾಲ, ಪಾಪ’ ಎಂದು ಬಿಡುವುದಿಲ್ಲ.

ಪೆನ್ನು ತೆಗೆದುಕೊಳ್ಳಿ. ನಾಲ್ಕು ವರ್ಷದ ಶುಲ್ಕ ಒಟ್ಟು 100 ಎಂದಿಟ್ಟುಕೊಳ್ಳಿ. ವರ್ಷಕ್ಕೆ 25ರಂತೆ, ಪ್ರತಿ ವರ್ಷದ ಶುರುವಿನಲ್ಲಿ ಸಾಲ ತೆಗೆಯುತ್ತೀರಿ. ಬಡ್ಡಿ ಶೇ 10. ಓದು ಮುಗಿಯುವವರೆಗೆ ಏನೂ ಕಟ್ಟುವುದಿಲ್ಲ. ಬಡ್ಡಿ ವರ್ಷ ವರ್ಷ ಅಸಲಿಗೆ ಸೇರುತ್ತಾ ಹೋಗುತ್ತದೆ. ಮಗಳು ಕೊನೆಯ ಪರೀಕ್ಷೆ ಬರೆದು ಬರುವ ಹೊತ್ತಿಗೆ ಸಾಲ 127 ದಾಟಿರುತ್ತದೆ. ಅದನ್ನು ಹತ್ತು ವರ್ಷ ತಿಂಗಳ ಕಂತಿನಲ್ಲಿ ತೀರಿಸಿದರೆ ಒಟ್ಟು ಕಟ್ಟುವುದು ಸುಮಾರು 202. ಕಂತು ಭಾರವಾಯಿತು ಎಂದು ಹದಿನೈದು ವರ್ಷಕ್ಕೆ ಎಳೆದರೆ ಸುಮಾರು 247. ಶುಲ್ಕದ ಚೀಟಿಯಲ್ಲಿ ಕಾಣುವ 100 ನಿಮ್ಮ ಕೈಯಿಂದ ಹೋಗುವಾಗ 200 ಆಗಿರುತ್ತದೆ, ಇಲ್ಲವೇ 250ರ ಹತ್ತಿರ. ಇದಕ್ಕೆ ಊಟ, ವಸತಿ, ಪುಸ್ತಕ ಸೇರಿಲ್ಲ. ಆ ನಾಲ್ಕು ವರ್ಷ ಅವಳು ದುಡಿದಿದ್ದರೆ ಬರುತ್ತಿದ್ದ ಸಂಬಳವೂ ಸೇರಿಲ್ಲ. ಆ ಸಂಬಳವೂ ಖರ್ಚೇ. ಶುಲ್ಕ ಕಡಿಮೆ ಇರುವ ಕಡೆ ಎಷ್ಟೋ ಸಲ ಅದೇ ದೊಡ್ಡ ಖರ್ಚು. ಯಾರೂ ಅದನ್ನು ಬರೆದಿಡುವುದಿಲ್ಲ.

ಹಾಗಾದರೆ ಎಷ್ಟು ಸಾಲ ಮಾಡಬಹುದು? ನಾನು ಇಟ್ಟುಕೊಂಡಿರುವ ಅಳತೆ ಇದು. ಓದು ಮುಗಿದ ದಿನ ಬಡ್ಡಿ ಸೇರಿ ನಿಂತಿರುವ ಸಾಲ, ಮೊದಲ ಕೆಲಸದ ಒಂದು ವರ್ಷದ ಸಂಬಳವನ್ನು ಮೀರಬಾರದು. ಎರಡೂ ಸಮ ಇದ್ದರೆ, ಮೇಲೆ ಹೇಳಿದ ಬಡ್ಡಿಗೆ ಹತ್ತು ವರ್ಷದ ಕಂತು ಸಂಬಳದಲ್ಲಿ ಸುಮಾರು ಶೇ 16 ಆಗುತ್ತದೆ. ಕಷ್ಟ, ಆದರೆ ಬದುಕಬಹುದು. ಸಾಲ ಎರಡು ಪಟ್ಟು ಇದ್ದರೆ ಸಂಬಳದ ಮೂರನೇ ಒಂದು ಪಾಲು ಕಂತಿಗೇ ಹೋಗುತ್ತದೆ. ಇಪ್ಪತ್ತೆರಡು ವರ್ಷದ ಹುಡುಗಿಯ ತಲೆಯ ಮೇಲೆ ಆ ಹೊರೆ ಹೊರಿಸಬೇಡಿ. ಕೆಲಸ ಇಷ್ಟವಿಲ್ಲದಿದ್ದರೂ ಬಿಡಲಾಗದೆ, ಬೇರೆ ಊರಿನ ಒಳ್ಳೆಯ ಅವಕಾಶಕ್ಕೆ ಧೈರ್ಯ ಮಾಡಲಾಗದೆ ಕೂತವರನ್ನು ನಾನು ತುಂಬಾ ಕಂಡಿದ್ದೇನೆ.

ಈ ಅಳತೆಯಲ್ಲಿ ತೊಂದರೆ ಇರುವುದು ‘ಮೊದಲ ಸಂಬಳ’ ಎಷ್ಟೆಂದು ತಿಳಿಯುವುದರಲ್ಲಿ. ಕಾಲೇಜಿನವರು ಹೇಳುವ ಸರಾಸರಿ ಸಂಬಳವನ್ನು ನಂಬಿ ಸಾಲ ಮಾಡಬೇಡಿ. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ 4 ಸಿಕ್ಕಿ, ಒಬ್ಬರಿಗೆ 44 ಸಿಕ್ಕಿದರೆ ಸರಾಸರಿ 8. ಆದರೆ 8 ಪಡೆದವರು ಅಲ್ಲಿ ಒಬ್ಬರೂ ಇಲ್ಲ! ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವರಿಗೆ ಎಷ್ಟು ಸಿಕ್ಕಿದೆ ಎಂದು ಕೇಳಿ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದರೆ ಇನ್ನೂ ಜೋರಾಗಿ ಕೇಳಿ. ನಾಲ್ಕು ವರ್ಷದ ಹಿಂದೆ ಸೇರಿದವರು ಎಷ್ಟು? ಮುಗಿಸಿದವರು ಎಷ್ಟು? ಅದರಲ್ಲಿ ಸಂದರ್ಶನಕ್ಕೆ ಕೂರಲು ಕಾಲೇಜು ಅವಕಾಶ ಕೊಟ್ಟವರು ಎಷ್ಟು? ನೂರಕ್ಕೆ ನೂರು ಯಾವುದರಲ್ಲಿ? ಉತ್ತರ ಕೊಡದ ಕಾಲೇಜಿಗೆ ಅಡ್ವಾನ್ಸ್ ಕಟ್ಟಬೇಡಿ. ಅಲ್ಲಿ ಎರಡು ವರ್ಷದ ಹಿಂದೆ ಓದು ಮುಗಿಸಿದ ಐದಾರು ಜನರನ್ನು ಹುಡುಕಿ ಮಾತಾಡಿ. ಕಾಲೇಜಿನವರು ತೋರಿಸಿಕೊಟ್ಟವರನ್ನಲ್ಲ, ನೀವೇ ಹುಡುಕಿದವರನ್ನು. ಇದಕ್ಕೆ ಎರಡು ದಿನ ಸಾಕು. ಫ್ರಿಜ್ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುತ್ತೀರಿ, ಅಲ್ವಾ?

ಅದೇ ಕೋರ್ಸ್ ಕಡಿಮೆ ಶುಲ್ಕದ ಬೇರೆ ಕಾಲೇಜಿನಲ್ಲಿ ಇದೆಯೇ ನೋಡಿ. ಹೆಸರಿನ ಕಾಲೇಜು ತಪ್ಪಿದರೆ ಬದುಕೇ ಹೋಯಿತು ಎಂಬ ಭಯ ಹಲವರಿಗಿದೆ. ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಸಂಶೋಧಕರು ಈ ಭಯವನ್ನು ಪರೀಕ್ಷೆ ಮಾಡಿ ನೋಡಿದರು. ಅವರ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ದೊಡ್ಡ ಹೆಸರಿನ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಬೇರೆ ಕಡೆ ಸೇರಿದವರನ್ನು, ಅಲ್ಲೇ ಸೇರಿದವರ ಜೊತೆ ಹೋಲಿಸಿದರು. ಮುಂದೆ ಇಬ್ಬರ ಗಳಿಕೆಯೂ ಹೆಚ್ಚು ಕಡಿಮೆ ಒಂದೇ ಇತ್ತು. ಚುರುಕುತನ ಹುಡುಗರಲ್ಲೇ ಇತ್ತು, ಕಟ್ಟಡದಲ್ಲಿ ಅಲ್ಲ. ಆದರೆ ಕಡಿಮೆ ಆದಾಯದ ಮನೆಗಳಿಂದ ಬಂದವರಿಗೆ ಮಾತ್ರ ಹೆಸರಿನ ಕಾಲೇಜು ನಿಜವಾಗಿಯೂ ಜಾಸ್ತಿ ಕೊಟ್ಟಿತ್ತು. ಮನೆಯಲ್ಲಿ ಪರಿಚಯ, ಸಂಪರ್ಕ ಇಲ್ಲದವರಿಗೆ ಕಾಲೇಜೇ ಅದನ್ನು ಕೊಡುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಇಲ್ಲಿ ‘ಹೆಸರಿನ ಕಾಲೇಜು’ ಎಂದರೆ ಸೇರುವುದು ಕಷ್ಟವಿರುವ ಕಾಲೇಜು. ದುಡ್ಡು ಕೊಟ್ಟರೆ ಯಾರನ್ನು ಬೇಕಾದರೂ ಸೇರಿಸಿಕೊಳ್ಳುವ ದುಬಾರಿ ಕಾಲೇಜಲ್ಲ. ಈ ಎರಡನ್ನು ಒಂದೇ ಎಂದುಕೊಂಡು ಮೋಸ ಹೋದವರ ಪತ್ರಗಳು ನನ್ನ ಹತ್ತಿರ ರಾಶಿ ಇವೆ.

ಈಗ ಮನೆಯ ವಿಷಯ. ಮನೆ ಅಡ ಇಡಬೇಡಿ. ಲೆಕ್ಕ ಸರಿ ಬಂದರೂ ಬೇಡ. ಇದು ಅತಿ ಎಚ್ಚರಿಕೆ ಎನ್ನುವವರು ಇದ್ದಾರೆ, ಇರಲಿ. ಹದಿನೆಂಟರ ಹುಡುಗಿಗೆ ಕೋರ್ಸ್ ಹಿಡಿಸದೆ ಹೋಗಬಹುದು. ಕಾಯಿಲೆ ಬೀಳಬಹುದು. ಓದು ಮುಗಿಯುವ ವರ್ಷ ಕೆಲಸಗಳೇ ಇಲ್ಲದಿರಬಹುದು. ಅಂಥ ಹೊತ್ತಿನಲ್ಲಿ ಅವಳು ವಾಪಸ್ ಬರಲು ಒಂದು ಮನೆ ಇರಬೇಕು. ಮನೆ ಇಟ್ಟರೆ ಮಾತ್ರ ಸಿಗುವ ಸಾಲ ಎಂದರೆ ಆ ಶುಲ್ಕ ನಿಮ್ಮ ಕೈ ಮೀರಿದ್ದು ಎಂದರ್ಥ. ಕಡಿಮೆ ಶುಲ್ಕದ ಕಾಲೇಜಿಗೆ ಸೇರಿಸಿ. ಒಂದು ವರ್ಷ ತಡವಾದರೂ ಪರವಾಗಿಲ್ಲ.

ಪ್ರಶ್ನೆ: ಬಿಲ್ ಗೇಟ್ಸ್, ಜುಕರ್‌ಬರ್ಗ್ ಕಾಲೇಜು ಬಿಟ್ಟೇ ಗೆದ್ದರಲ್ಲ?

ಉತ್ತರ: ಗೇಟ್ಸ್ 1975ರಲ್ಲಿ, ಜುಕರ್‌ಬರ್ಗ್ 2004ರಲ್ಲಿ ಬಿಟ್ಟಿದ್ದು ಹಾರ್ವರ್ಡ್ ಅನ್ನು, ಸೇರುವುದೇ ತುಂಬಾ ಕಷ್ಟವಿರುವ ಅಮೆರಿಕದ ವಿಶ್ವವಿದ್ಯಾಲಯವನ್ನು. ಬಿಡುವಾಗ ಇಬ್ಬರ ಕೈಯಲ್ಲೂ ಕಂಪನಿ ಇತ್ತು. ನಿಮ್ಮ ಕೈಯಲ್ಲಿ ಏನಿದೆ ಎಂದು ಬರೆಯಿರಿ, ಆಮೇಲೆ ಮಾತಾಡೋಣ.

ಪ್ರಶ್ನೆ: ಯಾವ ಕೋರ್ಸಿಗೆ ಮುಂದೆ ಸ್ಕೋಪ್ ಜಾಸ್ತಿ?

ಉತ್ತರ: ಈ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ನಾಲ್ಕು ವರ್ಷದ ನಂತರದ ಮಾರುಕಟ್ಟೆ ನನಗೆ ಕಾಣುತ್ತದೆ ಎನ್ನುವವರಿಂದ ದೂರ ಇರಿ.

ಪ್ರಶ್ನೆ: ಒಬ್ಬರು ಉಚಿತವಾಗಿ ಸಲಹೆ ಕೊಟ್ಟು ಸೀಟನ್ನೂ ಕೊಡಿಸುತ್ತೇನೆ ಅಂತಾರೆ. ನಂಬಬಹುದೇ?

ಉತ್ತರ: ನಿಮ್ಮಿಂದ ದುಡ್ಡು ತೆಗೆದುಕೊಳ್ಳದವರಿಗೆ ಕಾಲೇಜು ಕಮಿಷನ್ ಕೊಡುತ್ತಿರುತ್ತದೆ. ಅವರು ನಿಮ್ಮ ಮಗನಿಗೆ ಕಾಲೇಜು ಹುಡುಕುತ್ತಿಲ್ಲ, ಕಾಲೇಜಿಗೆ ಹುಡುಗರನ್ನು ಹುಡುಕುತ್ತಿದ್ದಾರೆ. ‘ಇವತ್ತೇ ಕಟ್ಟಿ, ನಾಳೆ ಸೀಟು ಇರಲ್ಲ’ ಎಂದರೆ ಎದ್ದು ಬನ್ನಿ.

ಪ್ರಶ್ನೆ: ಡಿಗ್ರಿ ಬದಲು ಆರು ತಿಂಗಳ ಆನ್‌ಲೈನ್ ಕೋರ್ಸ್ ಸಾಕಲ್ವಾ? ಕೆಲಸದ ಗ್ಯಾರಂಟಿ ಕೊಡ್ತಾರಂತೆ.

ಉತ್ತರ: ಕೆಲಸ ಕೊಡುವವರು ಬೇರೆ, ಗ್ಯಾರಂಟಿ ಕೊಡುವವರು ಬೇರೆ. ಆ ಗ್ಯಾರಂಟಿಯ ಷರತ್ತುಗಳನ್ನು ಪೂರ್ತಿ ಓದಿ. ಆನ್‌ಲೈನ್ ಕಲಿಕೆ ಕೆಟ್ಟದ್ದಲ್ಲ, ಒಬ್ಬರೇ ಕೂತು ಮುಗಿಸುವುದು ಕಷ್ಟ. ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ ನಡೆಸಿದ ಕೋರ್ಸುಗಳ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಬಂತು. 2017–18ರಲ್ಲಿ ಹೆಸರು ನೋಂದಾಯಿಸಿದವರಲ್ಲಿ ಮುಗಿಸಿದವರು ನೂರಕ್ಕೆ ಸುಮಾರು ಮೂರು ಜನ. ಮೊದಲು ಒಂದು ಉಚಿತ ಕೋರ್ಸ್ ಮುಗಿಸಿ ತೋರಿಸಲಿ, ಆಮೇಲೆ ದುಡ್ಡು ಕಟ್ಟಿ.

ಪ್ರಶ್ನೆ: ‘ಈಗ ಶುಲ್ಕ ಬೇಡ, ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಡಿ’ ಎನ್ನುವ ಸಂಸ್ಥೆಗಳಿವೆ. ಇದು ಸಾಲಕ್ಕಿಂತ ಒಳ್ಳೆಯದೇ?

ಉತ್ತರ: ಅದು ಕರಾರಿನಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ 1971ರಲ್ಲಿ ಹೀಗೇ ಒಂದು ಯೋಜನೆ ತಂದಿತ್ತು. ಒಟ್ಟಿಗೆ ಸೇರಿದ ಗುಂಪಿನ ಸಾಲವೆಲ್ಲ ತೀರುವವರೆಗೆ, ಇಲ್ಲವೇ 35 ವರ್ಷ, ಎಲ್ಲರೂ ಆದಾಯದ ಪಾಲು ಕಟ್ಟಬೇಕಿತ್ತು. ಕೆಲವರು ಕಟ್ಟದೆ ತಪ್ಪಿಸಿಕೊಂಡರು. ತಮ್ಮ ಪಾಲು ಕಟ್ಟಿದವರು ಬೇರೆಯವರ ಸಾಲಕ್ಕಾಗಿ ಕಟ್ಟುತ್ತಲೇ ಇರಬೇಕಾಯಿತು. ಕೊನೆಗೆ 2001ರಲ್ಲಿ ವಿಶ್ವವಿದ್ಯಾಲಯವೇ ಉಳಿದ ಬಾಕಿಯನ್ನು ಮನ್ನಾ ಮಾಡಿತು. ಆಸ್ಟ್ರೇಲಿಯಾ 1989ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಸಾಲ ಕೊಡುವುದು ಸರ್ಕಾರ. ಆದಾಯ ಒಂದು ಮಟ್ಟ ದಾಟಿದ ಮೇಲೆ ಮಾತ್ರ ತೆರಿಗೆಯ ಜೊತೆ ವಸೂಲಿ, ಅದಕ್ಕಿಂತ ಕೆಳಗಿದ್ದರೆ ಕಟ್ಟಬೇಕಾಗಿಲ್ಲ. ನಿಮ್ಮ ಕರಾರಿನಲ್ಲಿ ನಾಲ್ಕು ಸಂಖ್ಯೆ ಹುಡುಕಿ. ಎಷ್ಟು ಸಂಬಳದ ಮೇಲೆ ಶುರು, ಶೇಕಡಾ ಎಷ್ಟು, ಎಷ್ಟು ವರ್ಷ, ಒಟ್ಟು ಎಷ್ಟಕ್ಕೆ ನಿಲ್ಲುತ್ತದೆ. ಒಂದು ಸಂಖ್ಯೆ ಇಲ್ಲದಿದ್ದರೂ ಸಹಿ ಬೇಡ.

ಪ್ರಶ್ನೆ: ತಮ್ಮನ ಮಗನ ಓದಿನ ಸಾಲಕ್ಕೆ ಜಾಮೀನು ಹಾಕಬಹುದೇ?

ಉತ್ತರ: ಬೇಡ. ನಾನು ಒಬ್ಬ ಸಂಬಂಧಿಕರ ಹುಡುಗನಿಗೆ ಹಾಕಿದ್ದೆ. ಹುಡುಗ ಎರಡನೇ ವರ್ಷಕ್ಕೆ ಓದು ಬಿಟ್ಟ. ಆರು ವರ್ಷ ಕಂತು ಕಟ್ಟಿದ್ದು ನಾನು. ಸಾಲಕ್ಕಿಂತ ಹೆಚ್ಚು ನೋವಾಗಿದ್ದು, ಅವನು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದು. ಕೊಡುವ ಮನಸ್ಸಿದ್ದರೆ ನಿಮ್ಮ ಕೈಲಾದಷ್ಟು ದುಡ್ಡನ್ನು ಹಾಗೇ ಕೊಟ್ಟುಬಿಡಿ.

ಪ್ರಶ್ನೆ: ನಾಲ್ಕು ವರ್ಷದ ಕೋರ್ಸಿನಲ್ಲಿ ನಾನು ಮೂರನೇ ವರ್ಷ ಮುಗಿಸಿದ್ದೇನೆ, ಎರಡು ವಿಷಯ ಬಾಕಿ ಇವೆ. ಓದು ಬೇಸರ ಬಂದಿದೆ. ಅಪ್ಪನ ದುಡ್ಡು ಆಗಲೇ ಇಷ್ಟು ದಂಡವಾಗಿದೆ, ಇನ್ನಷ್ಟು ಯಾಕೆ ಎಂದು ಬಿಡಬೇಕು ಅನ್ನಿಸುತ್ತಿದೆ.

ಉತ್ತರ: ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡೆ, ಆದರೆ ಮೊದಲು ಓದಿದ್ದು ಇದನ್ನೇ. ಹೋದ ದುಡ್ಡು ಹೋಯಿತು. ನೀವು ಬಿಟ್ಟರೂ ಅದು ಬರುವುದಿಲ್ಲ, ಮುಗಿಸಿದರೂ ಬರುವುದಿಲ್ಲ. ಅದನ್ನು ಲೆಕ್ಕದಿಂದ ತೆಗೆದುಬಿಡಿ. ಈಗ ಒಂದು ಕಡೆ ಇನ್ನೊಂದು ವರ್ಷದ ಖರ್ಚು, ಇನ್ನೊಂದು ಕಡೆ ಪೂರ್ತಿ ಡಿಗ್ರಿ. ಮೊದಲ ವರ್ಷ ಹೀಗೆ ಬರೆದಿದ್ದರೆ ಬಿಟ್ಟುಬಿಡಿ ಎನ್ನುತ್ತಿದ್ದೆನೇನೋ. ಈಗ ಬಿಟ್ಟರೆ ನಷ್ಟ ತುಂಬಾ ದೊಡ್ಡದು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದಾದರೆ ಬೇರೆ ಮಾತು. ಆಗ ಮೊದಲು ವೈದ್ಯರನ್ನು ಕಾಣಿ. ಓದು ಬಿಡುವ ಬದಲು ಒಂದು ವರ್ಷ ರಜೆ ಕೊಡುತ್ತಾರೆಯೇ ಎಂದು ಕಾಲೇಜಿನಲ್ಲಿ ವಿಚಾರಿಸಿ. ಬರೀ ಬೇಸರವಾಗಿದ್ದರೆ ನಾಳೆಯೇ ಕಚೇರಿಗೆ ಹೋಗಿ, ಆ ಎರಡು ವಿಷಯಗಳ ಪರೀಕ್ಷೆಗೆ ಶುಲ್ಕ ಕಟ್ಟಲು ಕೊನೆಯ ದಿನ ಯಾವುದು ಎಂದು ಕೇಳಿಕೊಂಡು ಬನ್ನಿ. ಆ ದಿನಾಂಕವನ್ನು ನನಗೂ ಬರೆದು ಕಳಿಸಿ.