ಪಾಳು ಮಠದಲ್ಲಿ ಒಂದು ರಾತ್ರಿ

ಪ್ರಶ್ನೆ: ನಾನು ಮತ್ತು ಅಮ್ಮ (62 ವರ್ಷ) ಸೆಪ್ಟೆಂಬರ್ ಮೊದಲ ವಾರ ಸ್ಪೇನ್‌ನಲ್ಲಿ ಸಾಂತಿಯಾಗೊ ಅನ್ನೋ ಕ್ರೈಸ್ತರ ಪುಣ್ಯಕ್ಷೇತ್ರದ ಯಾತ್ರೆಗೆ ಬುರ್ಗೋಸ್‌ನಿಂದ ನಡೆದು ಹೊರಡುತ್ತೇವೆ. ದಾರಿಯಲ್ಲಿ ಸಾನ್ ಆಂತೊನ್ ಅನ್ನೋ ಪಾಳು ಮಠದೊಳಗೆ ಯಾತ್ರಿಕರು ಉಳಿಯಬಹುದಂತೆ, ಕರೆಂಟೇ ಇಲ್ಲವಂತೆ. ಅಮ್ಮನಿಗೆ ಅಲ್ಲಿ ಉಳಿಯಲೇಬೇಕು ಅಂತ ಆಸೆ, ನನಗೆ ಅಳುಕು. ನಾವು ಸಸ್ಯಾಹಾರಿಗಳು ಬೇರೆ. ಏನು ಮಾಡೋಣ?
– ಓದುಗರು, ಮೈಸೂರು

ಉತ್ತರ: ಅಮ್ಮನ ಮಾತು ಕೇಳಿ, ಉಳಿಯಿರಿ. ಆದರೆ ಜಾಗ ಸಿಗದಿದ್ದರೆ ಏನು ಅನ್ನೋದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ, ಯಾಕಂದ್ರೆ ಅಲ್ಲಿರುವುದು ಹನ್ನೆರಡರ ಆಸುಪಾಸು ಹಾಸಿಗೆ ಮಾತ್ರ. ಸಿಗದಿದ್ದರೂ ಹೆದರಬೇಡಿ. ಸುಮಾರು 4 ಕಿ.ಮೀ. ಮುಂದೆ ಕಾಸ್ತ್ರೊಹೆರಿಸ್ ಊರಿದೆ, ಅಲ್ಲಿ ತಂಗಲು ಬೇಕಾದಷ್ಟು ಜಾಗಗಳಿವೆ. ಹಿಂದಿನ ರಾತ್ರಿ ಒಂತಾನಾಸ್‌ನಲ್ಲಿ ಉಳಿದರೆ ಸಾನ್ ಆಂತೊನ್ ಬರೀ 6 ಕಿ.ಮೀ., ಬೆಳಿಗ್ಗೆಯೇ ತಲುಪಿ ಬಾಗಿಲು ಕಾಯಬೇಕಾಗುತ್ತದೆ. ಅದರ ಬದಲು ಇನ್ನೂ ಹಿಂದಿನ ಊರಲ್ಲಿ ಉಳಿದು ಮಧ್ಯಾಹ್ನದ ಹೊತ್ತಿಗೆ ಬನ್ನಿ.

ಈ ಜಾಗದ ಕತೆ ಅಮ್ಮನಿಗೆ ಹೇಳಿ. 12ನೇ ಶತಮಾನದಲ್ಲಿ ಸಂತ ಆಂತೊನಿ ಪಂಥದ ಸನ್ಯಾಸಿಗಳು ಇಲ್ಲಿ ಆಸ್ಪತ್ರೆ ಕಟ್ಟಿದರು. ಆಗ ಯುರೋಪಿನಲ್ಲಿ ಒಂದು ಭಯಂಕರ ಕಾಯಿಲೆಯಿತ್ತು, ಕೈಕಾಲು ಬೆಂಕಿ ಬಿದ್ದಂತೆ ಉರಿದು, ಕಪ್ಪಾಗಿ, ಕೊಳೆತು ಉದುರುತ್ತಿದ್ದವು. ಕಾರಣ ರೈ ಧಾನ್ಯದ ತೆನೆಗೆ ಹತ್ತುವ ಎರ್ಗಾಟ್ ಅನ್ನೋ ಬೂಷ್ಟು (ನಮ್ಮ ಸಜ್ಜೆ ತೆನೆಗೂ ಇದೇ ಜಾತಿಯ ರೋಗ ಬರುತ್ತೆ). ಜನಕ್ಕೆ ಅದು ಗೊತ್ತಿರಲಿಲ್ಲ. ಸನ್ಯಾಸಿಗಳು ಒಳ್ಳೆಯ ಗೋಧಿ ಬ್ರೆಡ್ ಕೊಟ್ಟು ನೋಡಿಕೊಂಡರು, ಕೆಟ್ಟ ರೈ ಹೊಟ್ಟೆಗೆ ಹೋಗೋದು ನಿಂತ ಮೇಲೆ ಎಷ್ಟೋ ಜನ ಚೇತರಿಸಿಕೊಂಡಿರಬೇಕು ಅಲ್ವಾ? ತಡವಾಗಿ ಬರುವವರಿಗೆ ಅಂತ ಬ್ರೆಡ್ ಇಡುತ್ತಿದ್ದ ಗೂಡುಗಳು ಗೋಡೆಯಲ್ಲಿ ಇವತ್ತಿಗೂ ಇವೆ, ದಾರಿ ಹಾದುಹೋಗುವ ದೊಡ್ಡ ಕಮಾನಿನ ಕೆಳಗೇ. ನಿಂತು ನೋಡಿ, ಫೋಟೊ ಹೊಡೆದು ಓಡಬೇಡಿ.

ಇನ್ನು ನಿಮ್ಮ ಅಳುಕಿನ ವಿಷಯ. ನೀವು ಮಲಗೋದು ಬಯಲಲ್ಲಲ್ಲ, ಗೋಡೆಗಳ ನಡುವಿನ ಪುಟ್ಟ ಕಟ್ಟಡದಲ್ಲಿ. ನೋಡಿಕೊಳ್ಳಲು ಸ್ವಯಂಸೇವಕರು ಇರುತ್ತಾರೆ. ಕರೆಂಟ್ ಇಲ್ಲ, ಬಿಸಿನೀರಿಲ್ಲ, ಇದು ನಿಜ. ಫೋನನ್ನು ಹಿಂದಿನ ಊರಲ್ಲೇ ಚಾರ್ಜ್ ಮಾಡಿ, ತಲೆಗೆ ಕಟ್ಟುವ ಟಾರ್ಚ್ ಇಬ್ಬರಿಗೂ ಒಂದೊಂದು ಇರಲಿ, ಅಮ್ಮನಿಗಂತೂ ರಾತ್ರಿ ಶೌಚಾಲಯಕ್ಕೆ ಹೋಗಲು ಅದು ಬೇಕೇ ಬೇಕು. ಹಗಲು ಎಷ್ಟೇ ಬಿಸಿಲಿದ್ದರೂ ಆ ಎತ್ತರದ ಬಯಲಲ್ಲಿ ರಾತ್ರಿ ಚಳಿ ಹಿಡಿಯುತ್ತದೆ, ಸ್ವೆಟರ್ ಮತ್ತು ಸ್ಲೀಪಿಂಗ್ ಬ್ಯಾಗ್ ಬಿಡಬೇಡಿ. ಯಾತ್ರಿಕರ ಮುದ್ರೆ ಪುಸ್ತಕ (ತಂಗಿದ ಕಡೆಯೆಲ್ಲ ಮುದ್ರೆ ಒತ್ತಿಸಿಕೊಳ್ಳುವ, ಯಾತ್ರಿಕರು ಅನ್ನೋದಕ್ಕೆ ಗುರುತಿನ ಪುಸ್ತಕ) ಕೈಯಲ್ಲಿರಲಿ.

ಊಟ ಎಲ್ಲರೂ ಒಟ್ಟಿಗೆ ಕೂತು ಮಾಡುವಂಥದ್ದು. ಹೋದ ತಕ್ಷಣ ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ’ ಎನ್ನಿ, ಮಾಂಸ ಮೀನು ಬೇಡ ಅಂತ. ಬಡಿಸುವ ಹೊತ್ತಿಗೆ ಹೇಳಿದರೆ ಪಾಪ ಅವರೇನು ಮಾಡಿಯಾರು? ಚೂರು ಬ್ರೆಡ್ಡು, ಹಣ್ಣು ನಿಮ್ಮ ಚೀಲದಲ್ಲೂ ಇರಲಿ.

ದರ ಇಲ್ಲ, ಕಾಣಿಕೆ ಡಬ್ಬಿ ಇದೆ. ದರ ಇಲ್ಲ ಅಂದರೆ ಪುಕ್ಕಟೆ ಅಂತಲ್ಲ, ನೀವು ಹಾಕುವ ದುಡ್ಡಲ್ಲೇ ನಾಳೆ ಬರುವವರ ಊಟ ಆಗಬೇಕು. ಬೇರೆ ಕಡೆ ಹಾಸಿಗೆಗೂ ಊಟಕ್ಕೂ ಎಷ್ಟು ಕೊಡುತ್ತಿದ್ದಿರೋ ಅಷ್ಟನ್ನಾದರೂ ಇಬ್ಬರ ಲೆಕ್ಕದಲ್ಲಿ ಹಾಕಿ.