ಒಲೆಗೆ ಗೆರೆ ಹಾಕುವ ಮುಂಚೆ ಪಾತ್ರೆ ತನ್ನಿ

ಪ್ರಶ್ನೆ: ಹೊಸ ಮನೆ ಕಟ್ಟಿದ್ದೇವೆ. ಗ್ಯಾಸ್ ಇದೆ. ಆದರೂ ತೋಟದ ಸೌದೆ, ಅಡಿಕೆ ಹಾಳೆ, ಕರಟ ಬೇಕಾದಷ್ಟು ಸಿಗುತ್ತದೆ. ಹಿಂದಿನ ಚಿಕ್ಕ ಅಡುಗೆಮನೆಯಲ್ಲಿ ಕಟ್ಟಿಗೆ ಒಲೆ ಹಾಕಿಸಬೇಕು ಅಂತಿದ್ದೇವೆ. ಅತ್ತೆಯವರು ಚಿಮಣಿ ಬೇಡ ಅನ್ನುತ್ತಾರೆ. ಹೊಗೆ ಆಡಿದರೇ ಅಟ್ಟದ ಸಾಮಾನು ಕೆಡುವುದಿಲ್ಲ, ಮಾಡಿನ ಮರಕ್ಕೆ ಹುಳ ಹಿಡಿಯುವುದಿಲ್ಲ ಅಂತ ಅವರ ಮಾತು. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಂಗಿ, ಅತ್ತೆಯವರ ಮಾತು ಸುಳ್ಳಲ್ಲ. ಹೊಗೆ ಹಿಡಿದ ಮಾಡಿನ ಪಕಾಸಿಗೆ ಹುಳದ ಕಾಟ ಕಡಿಮೆ. ಮಳೆಗಾಲದಲ್ಲಿ ಅಟ್ಟದ ಮೇಲಿನ ಬೀಜ, ಮುರುಗಲು ಸಿಪ್ಪೆಗೆ ಬೂಸ್ಟು ಬರದೆ ಉಳಿಯುವುದೂ ಒಲೆಯ ದೆಸೆಯಿಂದಲೇ. ಆದರೆ ಆ ಹೊಗೆ ಅಟ್ಟ ಮುಟ್ಟುವ ಮುಂಚೆ ಅಡುಗೆ ಮಾಡುವವರ ಎದೆಯೊಳಗೆ ಹೋಗಿರುತ್ತದೆ. ಕೆಮ್ಮು, ದಮ್ಮು ಹೆಂಗಸರಲ್ಲೇ ಜಾಸ್ತಿ ಇರುವ ಎಷ್ಟೋ ಮನೆ ನೋಡಿದ್ದೇನೆ. ಅವರಲ್ಲಿ ಬೀಡಿ ಮುಟ್ಟಿದವರು ಒಬ್ಬರೂ ಇಲ್ಲ. ಅದಕ್ಕೇ ಚಿಮಣಿ ಇಲ್ಲದ ಒಲೆಯನ್ನು ನಾನು ಯಾರಿಗೂ ಕಟ್ಟಿಕೊಡುವುದಿಲ್ಲ.

ಅತ್ತೆಯವರಿಗೆ ಹೀಗೆ ಹೇಳಿ. ಬೂಸ್ಟು ತಡೆಯುವುದರಲ್ಲಿ ಬಿಸಿಯ ಪಾಲು ದೊಡ್ಡದು. ಚಿಮಣಿ ಕೊಳವೆ ಅಟ್ಟದ ಮೂಲಕವೇ ಮೇಲೆ ಹೋಗಲಿ, ಬಿಸಿ ಅಲ್ಲಿಗೂ ಸಿಗುತ್ತದೆ. ಆದರೆ ಕೊಳವೆಯಿಂದ ಒಂದೂವರೆ ಅಡಿಯೊಳಗೆ ಮರ, ಸೋಗೆ, ಗೋಣಿಚೀಲ ಏನೂ ಇರಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ಪಕಾಸು, ರೀಪಿಗೆ ಗೇರೆಣ್ಣೆ ಬಳಿಸಿ. ನಮ್ಮ ಕಡೆ ಹಿಂದಿನಿಂದಲೂ ಮರ ಕಾಯ್ದದ್ದು ಅದೇ ಅಲ್ವಾ?

ಇನ್ನು ಒಲೆ. ಅಸ್ತ್ರ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳ ಕೆಲಸಕ್ಕೆಂದು 'ಅಸ್ತ್ರ' ತಂಡ ಶುರು ಮಾಡಿದರು. ಈ ಒಲೆ ಆ ತಂಡದ್ದು. ನಾನು ಇದನ್ನು ಕಲಿತದ್ದು 80ರ ದಶಕದಲ್ಲಿ, ಗಾರೆಯವರಿಗೆ ಕೊಟ್ಟ ತರಬೇತಿಯಲ್ಲಿ. ಸಾಲಾಗಿ ಮೂರು ಪಾತ್ರೆ ಕೂರುತ್ತವೆ. ಬೆಂಕಿ ಮೊದಲನೆಯದರ ಕೆಳಗೆ ಮಾತ್ರ, ಕಬ್ಬಿಣದ ಜಾಲರಿಯ ಮೇಲೆ. ಗಾಳಿ ಜಾಲರಿಯ ಅಡಿಯಿಂದ ಬರುತ್ತದೆ. ಬಿಸಿ ಎರಡನೆಯ, ಮೂರನೆಯ ಪಾತ್ರೆಯ ತಳ ಸವರಿಕೊಂಡು ಚಿಮಣಿಗೆ ಹೋಗುತ್ತದೆ. ಮೊದಲನೆಯದರಲ್ಲಿ ಅನ್ನ, ಎರಡನೆಯದರಲ್ಲಿ ಸಾರು, ಮೂರನೆಯದರಲ್ಲಿ ಬಿಸಿನೀರು.

ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ನೂರಕ್ಕೆ 10–15 ಪಾಲಷ್ಟೇ ಪಾತ್ರೆಗೆ ಸೇರುತ್ತದೆ. ಸರಿಯಾಗಿ ಕಟ್ಟಿದ ಅಸ್ತ್ರ ಒಲೆಯಲ್ಲಿ ಅದು 30 ದಾಟುತ್ತದೆ. 14.2 ಕೆಜಿಯ ಒಂದು ಸಿಲಿಂಡರ್ ಮಾಡುವ ಅಡುಗೆಗೆ ತೆರೆದ ಒಲೆಯಲ್ಲಿ ಸುಮಾರು 200 ಕೆಜಿ ಒಣ ಸೌದೆ ಬೇಕು. ಅಸ್ತ್ರ ಒಲೆಯಲ್ಲಿ 100 ಕೆಜಿಯೊಳಗೆ ಮುಗಿಯುತ್ತದೆ. ಸೌದೆ ಹೊರುವವರು ಯಾರು ಅಂತ ನೆನೆದರೆ ಈ ಲೆಕ್ಕದ ಬೆಲೆ ಗೊತ್ತಾಗುತ್ತದೆ.

ಅಡುಗೆ ಮಾಡುವವರು ತಮ್ಮ ಪಾತ್ರೆ ತಂದಿಡದೆ ನಾನು ಒಲೆಗೆ ಗೆರೆ ಹಾಕುವುದಿಲ್ಲ. ನೀವೂ ಗಾರೆಯವರಿಗೆ ಹಾಗೇ ಹೇಳಿ. ದಿನಾ ಬಳಸುವ ಪಾತ್ರೆಗಳ ಅಳತೆಗೇ ಕಂಡಿ ಕೊರೆಯಬೇಕು. ಪಾತ್ರೆಗೂ ಕಂಡಿಗೂ ನಡುವೆ ಸಂದು ಉಳಿದರೆ ಹೊಗೆ ಅಲ್ಲಿಂದಲೇ ಹೊರಗೆ. ಒಂದು ಪಾತ್ರೆ ಇಳಿಸಿದ ಕೂಡಲೇ ಅಲ್ಲಿಗೆ ಇನ್ನೊಂದು ಇಡಿ, ನೀರಿನದ್ದಾದರೂ ಸರಿ. ನಿಂತು ಅಡುಗೆ ಮಾಡುವವರಾದರೆ ಒಲೆಯ ಎತ್ತರವನ್ನು ನಿಮ್ಮ ಸೊಂಟ ನೋಡಿ ನಿಗದಿ ಮಾಡಿ, ಯಜಮಾನರ ಸೊಂಟ ನೋಡಿ ಅಲ್ಲ.

ಒಲೆಯ ಬಾಯಿ ಚಿಕ್ಕದಿರಲಿ. ದಪ್ಪ ಸೌದೆ ಕುಂಟೆ ಹಾಗೇ ತಳ್ಳಬಹುದು ಅಂತ ಬಾಯಿ ದೊಡ್ಡದು ಮಾಡಿಸುವವರೇ ಜಾಸ್ತಿ. ಇದಕ್ಕಾಗಿ ನಾನು ಎಷ್ಟೋ ಮನೆಗಳಲ್ಲಿ ವಾದ ಮಾಡಿದ್ದೇನೆ. ಬಾಯಿ ದೊಡ್ಡದಾದರೆ ತಣ್ಣನೆ ಗಾಳಿ ನುಗ್ಗಿ ಬೆಂಕಿಯ ಕಾವು ಇಳಿಯುತ್ತದೆ. ಕಟ್ಟಿಗೆಯಿಂದ ಹೊರಡುವ ಅನಿಲ ಪೂರ್ತಿ ಉರಿಯಲು ಸುಮಾರು 600 ಡಿಗ್ರಿ ಕಾವು ಬೇಕು. ಅಷ್ಟಿಲ್ಲದಿದ್ದರೆ ಅದು ಉರಿಯದೆ ಹೊಗೆಯಾಗಿ ಹೋಗುತ್ತದೆ. ಸೌದೆಯನ್ನು ಮುಂಗೈ ದಪ್ಪಕ್ಕೆ ಸೀಳಿ, ಎರಡು ಮೂರೇ ತುಂಡು ಇಟ್ಟು, ಉರಿದಂತೆ ಮುಂದೆ ದೂಡಿ.

ಮೈ ಮೆತ್ತಲು ಹುತ್ತದ ಮಣ್ಣು, ಭತ್ತದ ಹೊಟ್ಟು, ಸಗಣಿ ಕಲಸಿ ಒಂದು ರಾತ್ರಿ ನೆನೆಸಿದರೆ ಸಾಕು. ಪೂರ್ತಿ ಒಣಗುವ ತನಕ ಜೋರು ಬೆಂಕಿ ಬೇಡ. ಚಿಮಣಿಗೆ 4 ಇಂಚಿನ ಸ್ಟೀಲ್ ಕೊಳವೆ ಅಥವಾ ಸುಟ್ಟ ಮಣ್ಣಿನ ಕೊಳವೆ ಹಾಕಿಸಿ. ಹಳೆಯ ಒಲೆಗಳಿಗೆ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ ಹಾಕುತ್ತಿದ್ದರು. ಅದನ್ನು ಕೊಯ್ದಾಗ, ಅದು ಒಡೆದಾಗ ಏಳುವ ಧೂಳಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಪುಕ್ಕಟೆ ಸಿಕ್ಕರೂ ತರಬೇಡಿ.

ಪ್ರಶ್ನೆ: ನಮ್ಮ ಒಲೆಗೆ ಚಿಮಣಿ ಇದೆ. ಬೇಸಿಗೆಯಲ್ಲಿ ತೊಂದರೆ ಇಲ್ಲ. ಮಳೆ ಹಿಡಿದರೆ ಹೊಗೆ ಎಲ್ಲಾ ಅಡುಗೆಮನೆಗೇ ವಾಪಸ್. ಎಕ್ಸಾಸ್ಟ್ ಫ್ಯಾನ್ ಹಾಕಿಸಿದ ಮೇಲೆ ಇನ್ನೂ ಜಾಸ್ತಿಯಾಗಿದೆ.
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಆ ಫ್ಯಾನ್ ನಿಲ್ಲಿಸಿ. ಮಳೆಗೆ ಕಿಟಕಿ ಮುಚ್ಚಿರುತ್ತೀರಿ. ಫ್ಯಾನ್ ಒಳಗಿನ ಗಾಳಿ ಎಳೆದು ಹೊರಗೆ ಹಾಕುತ್ತದೆ. ಆ ಜಾಗ ತುಂಬಲು ಗಾಳಿ ಎಲ್ಲಿಂದಾದರೂ ಬರಬೇಕಲ್ಲ, ಚಿಮಣಿಯಿಂದಲೇ ಇಳಿದು ಬರುತ್ತದೆ, ಹೊಗೆಯನ್ನೂ ಕರೆತರುತ್ತದೆ. ಕಿಟಕಿಯನ್ನು ನಾಲ್ಕು ಬೆರಳಷ್ಟು ತೆಗೆದಿಡಿ.

ಎರಡನೆಯದು, ಬೆಳಿಗ್ಗೆ ಕೊಳವೆ ತಣ್ಣಗಿರುತ್ತದೆ. ಹೊಗೆ ಮೇಲೇರುವುದು ಕೊಳವೆ ಬಿಸಿಯಾಗಿದ್ದರೆ ಮಾತ್ರ. ಚಿಮಣಿಗೆ ಹತ್ತಿರದ ಪಾತ್ರೆ ಎತ್ತಿ ಒಂದು ಹಿಡಿ ಒಣ ಸೋಗೆಗೆ ಬೆಂಕಿ ಹಚ್ಚಿ ಒಳಗೆ ಹಾಕಿ, ಪಾತ್ರೆ ಇಟ್ಟು ಕಂಡಿ ಮುಚ್ಚಿ. ಕೊಳವೆ ಬಿಸಿಯಾಗಿ ಸೆಳೆತ ಶುರುವಾದ ಮೇಲೆ ಒಲೆಯ ಬಾಯಲ್ಲಿ ಬೆಂಕಿ ಹೊತ್ತಿಸಿ.

ಎತ್ತರವನ್ನೂ ನೋಡಿ. ಕೊಳವೆ ಮಾಡಿನಿಂದ ಹೊರಬಂದ ಜಾಗದಿಂದ ಕನಿಷ್ಠ 3 ಅಡಿ ಮೇಲಿರಬೇಕು. ಜೊತೆಗೆ 10 ಅಡಿ ಸುತ್ತಿನಲ್ಲಿರುವ ಮಾಡಿನ ಯಾವ ಭಾಗಕ್ಕಿಂತಲೂ 2 ಅಡಿ ಎತ್ತರವಿರಬೇಕು. ಇಲ್ಲದಿದ್ದರೆ ಗಾಳಿ ಮಾಡಿಗೆ ಬಡಿದು ಕೊಳವೆಯೊಳಗೆ ತಿರುಗುತ್ತದೆ. ಕೊಳವೆಯ ತಲೆಗೆ ಟೊಪ್ಪಿ ಇರಲಿ. ಮಳೆ ಹಿಡಿಯುವ ಮುಂಚೆ ಹಗ್ಗಕ್ಕೆ ಗೋಣಿ ಸುತ್ತಿ ಒಳಗಿನ ಮಸಿ ತೆಗೆಯಿರಿ.

ಸೌದೆ ಹಸಿಯಾಗಿದ್ದರೆ ಇಷ್ಟು ಮಾಡಿಯೂ ಪ್ರಯೋಜನ ಕಡಿಮೆ. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಬೆಂಕಿ ಮೊದಲು ಆ ನೀರನ್ನು ಕುದಿಸಿ ಓಡಿಸಬೇಕು, ಅಷ್ಟರಲ್ಲಿ ಉರಿ ಸತ್ತಿರುತ್ತದೆ. ಅಕೇಶಿಯಾ ಇರಲಿ, ಮತ್ತಿ ಇರಲಿ, ಬೇಸಿಗೆಗೆ ಮುಂಚೆಯೇ ಕಡಿದು, ಸೀಳಿ, ಬಿಸಿಲಿಗೆ ಒಡ್ಡಿ, ಮಳೆಗೆ ಮುಂಚೆ ಕೊಟ್ಟಿಗೆಗೆ ಪೇರಿಸಿ. ಸೀಳುವುದು ಮುಖ್ಯ. ತೊಗಟೆ ಸಮೇತ ಇಟ್ಟ ಉರುಟು ಕುಂಟೆ ಬೇಗ ಒಣಗುವುದಿಲ್ಲ. ಎರಡು ತುಂಡು ಒಂದಕ್ಕೊಂದು ಬಡಿದಾಗ 'ಟಣ್' ಎಂದರೆ ಒಣಗಿದೆ, 'ದಬ್' ಎಂದರೆ ಹಸಿ.

ಪ್ರಶ್ನೆ: ಬಚ್ಚಲುಮನೆಯ ಹಂಡೆ ಒಲೆಯ ಬಾಯಿ ಒಳಗೇ ಇದೆ. ಚಳಿಗೆ ಬಾಗಿಲು ಹಾಕಿ ಸ್ನಾನ ಮಾಡುತ್ತೇವೆ. ಬೆಂಕಿ ಆರಿಸಿ ಕೆಂಡ ಮಾತ್ರ ಇದ್ದರೆ ಅಪಾಯವಿಲ್ಲ ತಾನೇ?
– ಓದುಗರೊಬ್ಬರು, ಹೊಸನಗರ

ಉತ್ತರ: ಅಪಾಯ ಇರುವುದೇ ಕೆಂಡದಲ್ಲಿ. ಹೊಗೆಯಾದರೆ ಕಣ್ಣು ಉರಿದು ಎಬ್ಬಿಸುತ್ತದೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟುತ್ತದೆ. ತಲೆನೋವು, ಓಕರಿಕೆ, ಕಾಲಿನ ಬಲ ಹೋಗುವುದು, ಆಮೇಲೆ ಎಚ್ಚರವೇ ತಪ್ಪುತ್ತದೆ. ಹಾಗೇನಾದರೂ ಅನಿಸಿದರೆ ತಕ್ಷಣ ಹೊರಗೆ ಬನ್ನಿ. ಒಲೆಯ ಬಾಯನ್ನು ಗೋಡೆಯ ಹೊರಗೆ ತಿರುಗಿಸಿ ಕಟ್ಟಿಸಿ. ನಮ್ಮ ಕಡೆಯ ಎಷ್ಟೋ ಹಳೆಯ ಮನೆಗಳಲ್ಲಿ ಬಚ್ಚಲೊಲೆಗೆ ಸೌದೆ ಹಾಕುವುದು ಹೊರಗಿನಿಂದಲೇ. ಆ ಕೆಲಸ ಮುಗಿಯುವ ತನಕ ಸ್ನಾನಕ್ಕೆ ಹೋಗುವ ಮುಂಚೆ ಕೆಂಡ ಪೂರ್ತಿ ಹೊರಗೆ ತೆಗೆಯಿರಿ, ಕಿಟಕಿ ತೆರೆದಿಡಿ. ಇವತ್ತಿನಿಂದಲೇ.

ಪ್ರಶ್ನೆ: ಹಾಲ್ ಬೆಚ್ಚಗಿರಲೆಂದು ಕಬ್ಬಿಣದ ಒಲೆ ತರಿಸಿದ್ದೇವೆ. ರಾತ್ರಿ ಸೌದೆ ತುಂಬಿ, ಗಾಳಿ ಕಂಡಿ ಮುಚ್ಚಿ ಮಲಗುತ್ತೇವೆ. ಕೊಳವೆಯ ಸಂದಿನಿಂದ ಕಪ್ಪು ಅಂಟು ಸೋರುತ್ತಿದೆ.
– ಓದುಗರೊಬ್ಬರು, ಮಡಿಕೇರಿ

ಉತ್ತರ: ಅದು ಡಾಂಬರಿನಂಥ ಅಂಟು. ಗಾಳಿ ಸಿಗದೆ ಸೌದೆ ಕುಮುಲಿದಾಗ ಉರಿಯದ ಹೊಗೆ ತಣ್ಣನೆ ಕೊಳವೆಗೆ ಅಂಟಿ ಆಗುವಂಥದ್ದು. ಅದಕ್ಕೆ ಕಿಡಿ ಬಿದ್ದರೆ ಕೊಳವೆಯೇ ಹೊತ್ತಿ ಉರಿಯುತ್ತದೆ. ಪೂರ್ತಿ ಕೆರೆಸಿ ತೆಗೆಸುವ ತನಕ ಒಲೆ ಹಚ್ಚಬೇಡಿ. ಮುಂದೆ ಒಣ ಸಿಲ್ವರ್ ಓಕ್ ಸೀಳನ್ನು ಸ್ವಲ್ಪ ಸ್ವಲ್ಪವೇ ಹಾಕಿ ಜೋರಾಗಿ ಉರಿಸಿ, ಮಲಗುವ ಮುಂಚೆ ಬೆಂಕಿ ಮುಗಿದಿರಲಿ. ರಾತ್ರಿಗೆ ಕಂಬಳಿ ಸಾಕು.